ಹೆಸರಿನಲ್ಲಿ ಅರ್ಥ ಮೊದಲೋ, ಧಾತು ಮೊದಲೋ?

ವಿಷಯ. ಚೀನಾದ ಅನೇಕ ಮನೆಗಳಲ್ಲಿ ಮಗು ಹುಟ್ಟಿದ ವರ್ಷ, ತಿಂಗಳು, ದಿನ, ಹೊತ್ತುಗಳನ್ನು ಹಿಡಿದು ಎಂಟು ಅಕ್ಷರಗಳ ಜಾತಕ ಬರೆಸುತ್ತಾರೆ. ಅದಕ್ಕೆ ‘ಬಾಜಿ’ ಎಂದು ಹೆಸರು. ಮರ, ಬೆಂಕಿ, ಮಣ್ಣು, ಲೋಹ, ನೀರು ಈ ಐದು ಧಾತುಗಳಲ್ಲಿ ಯಾವುದು ಹೆಚ್ಚು, ಯಾವುದು ಕಡಿಮೆ ಎಂಬುದು ಅದರಿಂದ ತಿಳಿಯುತ್ತದೆ. ನಮ್ಮಲ್ಲಿ ನಕ್ಷತ್ರಪಾದ ಹೆಸರಿನ ಮೊದಲ ಉಚ್ಚಾರವನ್ನು ಸೂಚಿಸಿದರೆ, ಅಲ್ಲಿ ಜಾತಕ ಕೈಹಾಕುವುದು ಬರವಣಿಗೆಗೆ: ನೀರು ಬೇಕಿದ್ದರೆ ನೀರಿನ ಚಿಹ್ನೆಯುಳ್ಳ ಅಕ್ಷರ.

ಸಂಶಯ. ಅರ್ಥ ಒಂದನ್ನು ಬಯಸಿ, ಧಾತು ಇನ್ನೊಂದನ್ನು ಕೇಳಿದರೆ ಯಾವುದು ಪ್ರಧಾನ, ಯಾವುದು ಅಂಗ?

ಪೂರ್ವಪಕ್ಷ. ಧಾತುವೇ ಪ್ರಧಾನ, ಜನರ ನಡೆಯೇ ಪ್ರಮಾಣ. ಚೀನೀ ಸಾಹಿತಿ ಲೂ ಶುನ್ 1921ರಲ್ಲಿ ಬರೆದ ‘ಹುಟ್ಟೂರು’ ಕಥೆಯ ರುನ್‌ತು ಹುಟ್ಟಿದ್ದು ಅಧಿಕಮಾಸದಲ್ಲಿ, ಜಾತಕದಲ್ಲಿ ಮಣ್ಣಿರಲಿಲ್ಲ. ತಂದೆ ಅಧಿಕಮಾಸದ ‘ರುನ್’ಗೆ ಮಣ್ಣಿನ ‘ತು’ ಸೇರಿಸಿ ಕೂಗಿದ. ಅರ್ಥದ ಚೆಲುವನ್ನು ಅಲ್ಲಿ ಯಾರು ಕೇಳಿದರು?

ಸಿದ್ಧಾಂತ. ಅರ್ಥವೇ ಪ್ರಧಾನ. ಇಲ್ಲದ್ದನ್ನೆಲ್ಲ ತುಂಬಬೇಕೆಂಬ ನಿಯಮ ಬಾಜಿ ಬಲ್ಲವರಿಗೇ ಸಮ್ಮತವಲ್ಲ. ಹುಟ್ಟಿದ ದಿನದ ಅಕ್ಷರ ಬೆಂಕಿಯದಾಗಿ, ಚಳಿಗಾಲದಲ್ಲಿ ಅದು ಬಲಗುಂದಿದ್ದರೆ, ಜಾತಕದಲ್ಲಿ ನೀರಿಲ್ಲವೆಂದು ನೀರು ಸುರಿಯುವವರುಂಟೆ? ಅಲ್ಲಿ ಬೇಕಾದದ್ದು ಬೆಂಕಿಗೆ ಆಹಾರವಾಗುವ ಮರ. ಸರಿ, ಮರವೇ ಆಗಲಿ. ಆದರೆ ಮರದ ಚಿಹ್ನೆಯ ಅಕ್ಷರಗಳು ನೂರಾರು. ಪೈನ್ ಮರದ ‘ಸುಂಗ್’ ಅದರಲ್ಲಿದೆ. ಒಣಗಿದ್ದೆಂಬ ‘ಕು’ ಇದೆ. ಶವಪೆಟ್ಟಿಗೆಯ ‘ಗ್ವಾನ್’ ಕೂಡ ಇದೆ. ಧಾತುವಿನ ಲೆಕ್ಕಕ್ಕೆ ಮೂರೂ ಸಮ. ಕೊನೆಯ ಎರಡನ್ನು ಆಚೆಗೆ ತಳ್ಳುವುದು ಅರ್ಥವಲ್ಲದೆ ಮತ್ತೇನು? ಧಾತು ಅಂಗಳದ ಗೆರೆ ಹಾಕಬಹುದು, ಆರಿಸಲಾರದು. ‘ಜ್ವೋ ಝುವಾನ್’ ಎಂಬ ಪ್ರಾಚೀನ ಚೀನೀ ಇತಿಹಾಸಗ್ರಂಥದಲ್ಲಿ ಕ್ರಿ.ಪೂ. 706ರ ರಾಜಕುಮಾರನ ನಾಮಕರಣದ ಚರ್ಚೆಯಿದೆ: ದೇಶ, ಅಧಿಕಾರ, ಬೆಟ್ಟ-ಹೊಳೆ, ರೋಗ, ಸಾಕುಪ್ರಾಣಿಗಳ ಹೆಸರು ಬೇಡ ಎಂದು. ಪಂಚಧಾತುಗಳ ಮಾತೇ ಇಲ್ಲ.

ಆಕ್ಷೇಪ. ಹಾಗಿದ್ದರೆ ಚೀನಾದ ಮಿಂಗ್ ವಂಶದ ಅರಸರು? ಹೆಸರಿನ ಚಿಹ್ನೆ ನೋಡಿ: ಝು ದಿ ಮರ, ಮಗ ಗಾವ್‌ಚಿ ಬೆಂಕಿ, ಮೊಮ್ಮಗ ಝಾನ್‌ಜಿ ಮಣ್ಣು, ಮರಿಮಗ ಚಿಝೆನ್ ಲೋಹ. ತಲೆಮಾರಿನಿಂದ ತಲೆಮಾರಿಗೆ ಧಾತುಚಕ್ರ ಉರುಳಿತು.

ಪರಿಹಾರ. ಅದು ಜಾತಕದ ಚಿಕಿತ್ಸೆಯಲ್ಲ, ವಂಶದ ಸರದಿ. ಯಾವ ಗಳಿಗೆಯಲ್ಲಿ ಹುಟ್ಟಿದರೂ ಒಂದು ತಲೆಮಾರಿನ ದಾಯಾದಿಗಳಿಗೆಲ್ಲ ಒಂದೇ ಚಿಹ್ನೆ. ಸಂತಾನ ಬೆಳೆದು ಅಕ್ಷರ ಸಾಲದೆ ಹೊಸದನ್ನೇ ಕಟ್ಟಿದರು!

ಆಕ್ಷೇಪ. ಹೆಸರಿನ ಅಕ್ಷರಗಳ ಗೆರೆಗಳನ್ನೆಣಿಸಿ ಶುಭಾಶುಭ ಹೇಳುವ ಪದ್ಧತಿ?

ಪರಿಹಾರ. ಇಂದು ಪ್ರಚಲಿತವಾದ ಐದು ಮನೆಗಳ ಲೆಕ್ಕವನ್ನು ಕಟ್ಟಿದವನು 20ನೇ ಶತಮಾನದ ಜಪಾನಿನ ಕುಮಾಸಾಕಿ ಕೆನೋ. ನೀರಿನ ಚಿಹ್ನೆಯನ್ನು ಮಗು ಮೂರು ಗೆರೆಯಲ್ಲಿ ಬರೆದರೂ ಎಣಿಸುವವರಿಗೆ ಅದು ನಾಲ್ಕು, ಏಕೆಂದರೆ ಪೂರ್ಣ ‘ನೀರು’ ಅಕ್ಷರಕ್ಕೆ ನಾಲ್ಕು ಗೆರೆ. ಮಗು ಎಂದೂ ಎಳೆಯದ ಗೆರೆಗೆ ಶುಭಾಶುಭ ಹಚ್ಚುವ ಈ ಪದ್ಧತಿಗೆ ಅಂಗದ ಸ್ಥಾನವನ್ನೂ ಕೊಡಲಾರೆ.