ಎರಡನೆಯ ಫೋಟೋ

2019ರ ಆಗಸ್ಟಿನಲ್ಲಿ ದೇವದುರ್ಗ ತಾಲ್ಲೂಕಿನ ಹಿರೇರಾಯಕುಂಪಿಯ ಹುಡುಗನೊಬ್ಬ ಕೃಷ್ಣೆಯ ನೀರಿನಲ್ಲಿ ಮುಳುಗಿದ್ದ ಸೇತುವೆಯ ಮೇಲೆ ಓಡಿ, ಹಿಂದೆ ಬರುತ್ತಿದ್ದ ಆಂಬುಲೆನ್ಸಿಗೆ ದಾರಿ ತೋರಿಸಿದ. ಆ ವಿಡಿಯೊ ನೋಡದವರು ಕಡಿಮೆ. ಯಾರೋ ದಡದಲ್ಲಿ ನಿಂತು ಮೊಬೈಲಿನಲ್ಲಿ ಹಿಡಿದದ್ದು. ಹುಡುಗ ಎಡವುತ್ತಾನೆ, ಸಾವರಿಸಿಕೊಂಡು ಮತ್ತೆ ಓಡುತ್ತಾನೆ, ಕೊನೆಗೆ ದಡದವರೊಬ್ಬರು ಕೈಹಿಡಿದು ಮೇಲೆ ಎಳೆದುಕೊಳ್ಳುತ್ತಾರೆ. ಅದೇ ವರ್ಷದ ಸ್ವಾತಂತ್ರ್ಯ ದಿನದಂದು ಅವನಿಗೆ ರಾಯಚೂರಿನಲ್ಲಿ ಸನ್ಮಾನವಾಯಿತು, ಮುಂದೆ ರಾಷ್ಟ್ರೀಯ ಶೌರ್ಯ ಪ್ರಶಸ್ತಿಯೂ ಬಂತು. ಬರಬೇಕಾದದ್ದೇ.

ನನ್ನ ತಕರಾರು ಪ್ರಶಸ್ತಿಯ ಮೇಲಲ್ಲ, ಚಿತ್ರದ ಮೇಲೆ. ಅಷ್ಟು ಸಲ ನೋಡಿದರೂ ನಮ್ಮ ಮನಸ್ಸಿನಲ್ಲಿ ಉಳಿದದ್ದು ಹುಡುಗ, ಸೇತುವೆ ಉಳಿಯಲಿಲ್ಲ. ಮಕ್ಕಳೂ ಒಬ್ಬ ಹೆಣ್ಣುಮಗಳ ಶವವೂ ಇದ್ದ ಗಾಡಿ ಕಣ್ಣಿಗೆ ಕಾಣದ ಸೇತುವೆಯನ್ನು ದಾಟುವ ಗತಿ ಯಾಕೆ ಬಂತು? ನಾರಾಯಣಪುರದ ಬಸವಸಾಗರ ಜಲಾಶಯದಿಂದ ಹೆಚ್ಚು ನೀರು ಬಿಟ್ಟರೆ ಅದೇ ತಾಲ್ಲೂಕಿನ ಹೂವಿನಹೆಡಗಿ ಸೇತುವೆ ಮುಳುಗುತ್ತದೆ ಎಂಬುದು ಆ ಭಾಗದಲ್ಲಿ ಮಳೆಗಾಲದ ಮಾಮೂಲಿ ಸುದ್ದಿ. ಮಾಮೂಲಿಯಾದದ್ದರ ಫೋಟೋ ಯಾರೂ ತೆಗೆಯುವುದಿಲ್ಲ. ಸಾಹಸದ ಚಿತ್ರ ಎಷ್ಟು ಚೆನ್ನಾಗಿ ಬರುತ್ತದೋ ಸಾಹಸ ಅಗತ್ಯವಾದ ಕಾರಣ ಅಷ್ಟು ಚೆನ್ನಾಗಿ ಮರೆಯಾಗುತ್ತದೆ.

ವಿಪತ್ತಿನ ಛಾಯಾಗ್ರಹಣದ ಬಗ್ಗೆ ನಾವು ನಡೆಸುವ ನೈತಿಕ ಚರ್ಚೆಯೆಲ್ಲ ಒಂದೇ ಕ್ಷಣದ ಸುತ್ತ ಗಿರಕಿ ಹೊಡೆಯುತ್ತದೆ: ಕ್ಯಾಮೆರಾ ಹಿಡಿದವನು ಬಟನ್ ಒತ್ತಬೇಕಿತ್ತೇ, ಕೈ ಕೊಡಬೇಕಿತ್ತೇ? ಈ ಪ್ರಶ್ನೆ ಹಳೆಯದು. 1876–78ರ ಭೀಕರ ಬರ, ನಮ್ಮ ಹಿರಿಯರ ಬಾಯಲ್ಲಿ ಧಾತು ಈಶ್ವರ ಸಂವತ್ಸರಗಳ ಬರ, ಬಳ್ಳಾರಿಯನ್ನೂ ನಿಜಾಮರ ಸೀಮೆಯನ್ನೂ ಹಿಂಡಿ ಹಿಪ್ಪೆ ಮಾಡಿದಾಗ ಮದ್ರಾಸಿನ ಸೇನಾಧಿಕಾರಿ ವಿಲ್ಲೋಬಿ ವಾಲೆಸ್ ಹೂಪರ್ ಎಲುಬಿನ ಹಂದರವಾಗಿದ್ದ ಜನರನ್ನು ಗುಂಪಾಗಿ ಕೂರಿಸಿ ಫೋಟೋ ತೆಗೆದ. ಮದುವೆ ಮನೆಯಲ್ಲಿ ಸಾಲಾಗಿ ಕೂರಿಸುವಂತೆ. ಅನ್ನ ಕೊಡದೆ ಚಿತ್ರ ತೆಗೆದ ಎಂದು ಅವನನ್ನು ಆ ಕಾಲದಲ್ಲೇ ಬೈದರು. ಬೈದದ್ದು ಸರಿಯೇ. ಆದರೆ ಹೂಪರನಿಗೆ ಕರುಣೆ ಇದ್ದಿದ್ದರೂ ಆ ಚಿತ್ರಗಳ ದೊಡ್ಡ ಕೊರತೆ ನೀಗುತ್ತಿರಲಿಲ್ಲ. ಆ ಜನರಿಗೆ ಹೆಸರಿಲ್ಲ. ಅವರಲ್ಲಿ ಯಾರು ಬದುಕುಳಿದರು, ಯಾವ ಊರಿಗೆ ಮರಳಿದರು ಎಂದು ಕೇಳಿದರೆ ಚಿತ್ರ ಬಾಯಿಬಿಡುವುದಿಲ್ಲ. ಹಸಿದ ದೇಹ ಹೇಗಿರುತ್ತದೆಂದು ಅದು ತೋರಿಸುತ್ತದೆ, ಅಷ್ಟೇ.

ಹಾಗಾಗಿ ನನ್ನ ವಾದ ಇದು: ವಿಪತ್ತಿನ ಫೋಟೋ ದಾಖಲೆಯಾಗುವುದು ಎರಡನೆಯ ಫೋಟೋ ಬಂದಾಗ. ಅದೇ ಜಾಗ, ಅದೇ ಮನೆ, ಸಾಧ್ಯವಾದರೆ ಅದೇ ಜನ. ಒಂದು ವರ್ಷದ ಮೇಲೆ, ಹತ್ತು ವರ್ಷದ ಮೇಲೆ. ಮೊದಲನೆಯದು ಒಂದೇ ಇದ್ದರೆ ಅದು ಎಲ್ಲ ಸಂಕಟವನ್ನೂ ಆಕಾಶದ ತಲೆಗೆ ಕಟ್ಟುತ್ತದೆ. ಮಳೆ ಬಂತು, ಹೊಳೆ ಬಂತು, ಮನೆ ಹೋಯಿತು. ಮನುಷ್ಯರು ಮಾಡಿದ್ದು, ಮಾಡದೆ ಬಿಟ್ಟದ್ದು ಕಾಣಬೇಕಾದರೆ ನೀರು ಇಳಿಯಬೇಕು.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳನ್ನೇ ತೆಗೆದುಕೊಳ್ಳಿ. ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಮಂತ್ರಾಲಯಕ್ಕೆ ನೀರು ನುಗ್ಗಿತು, ಕರ್ನೂಲು ಮುಳುಗಿತು. ರಾಯಚೂರು ಜಿಲ್ಲೆಯಲ್ಲಿ ಹೊಳೆ ಮುಟ್ಟದ ಊರುಗಳಲ್ಲೂ ಬಿಡದೆ ಸುರಿದ ಮಳೆಗೆ ಮಣ್ಣಿನ ಮಾಳಿಗೆಗಳು ನೆನೆನೆನೆದು ಕುಸಿದವು. ಪತ್ರಿಕೆಗಳಲ್ಲಿ ಬಂದದ್ದು ಹೆಲಿಕಾಪ್ಟರಿನಿಂದ ಕಂಡ ನೀರು ಮತ್ತು ಹೆಲಿಕಾಪ್ಟರಿನಿಂದ ಇಳಿದ ಗಣ್ಯರು. ಮೇಲಿನಿಂದ ನೋಡುವ ಈ ಚಪಲವೂ ಹಳೆಯದೇ. 1906ರ ಭೂಕಂಪ ಸ್ಯಾನ್ ಫ್ರಾನ್ಸಿಸ್ಕೊವನ್ನು ಕೆಡವಿದಾಗ ಜಾರ್ಜ್ ಲಾರೆನ್ಸ್ ಗಾಳಿಪಟಗಳ ಸಾಲಿಗೆ ಕ್ಯಾಮೆರಾ ಕಟ್ಟಿ ಇಡೀ ನಗರವನ್ನು ಒಂದೇ ಚಿತ್ರದಲ್ಲಿ ತುಂಬಿದ್ದ. ಅದ್ಭುತ ಚಿತ್ರ. ಅಷ್ಟೆತ್ತರದಿಂದ ಎಲ್ಲ ಬೀದಿಗಳೂ ಕಾಣುತ್ತವೆ, ಒಬ್ಬರ ಬಾಗಿಲೂ ಕಾಣುವುದಿಲ್ಲ.

ನೆರೆಯ ನಂತರ ಸರ್ಕಾರ ‘ಆಸರೆ’ ಯೋಜನೆ ತಂದಿತು, ದಾನಿಗಳ ನೆರವಿನಿಂದ ನವಗ್ರಾಮಗಳು ಎದ್ದವು. ಹಲವೆಡೆ ಜನ ಹೋಗಲೇ ಇಲ್ಲ. ಹೊಲ ದೂರ, ದನ ಕಟ್ಟಲು ಜಾಗವಿಲ್ಲ, ಕುಡಿಯುವ ನೀರಿಲ್ಲ, ಹಕ್ಕುಪತ್ರ ಕೈಗೆ ಬಂದಿಲ್ಲ. ಖಾಲಿ ಮನೆಗಳ ಸುತ್ತ ಬಳ್ಳಾರಿ ಜಾಲಿ ಬೆಳೆಯಿತು. 2009ರ ಪ್ರವಾಹದ ನಿಜವಾದ ಫೋಟೋ ಈ ಜಾಲಿಯದು. ಸ್ಥಳೀಯ ವರದಿಗಾರರು ಆಗಾಗ ತೆಗೆದಿದ್ದಾರೆ, ಜಿಲ್ಲಾ ಪುಟದ ಮೂಲೆಯಲ್ಲಿ ಅಚ್ಚಾಗಿದೆ. ಹೆಲಿಕಾಪ್ಟರಿನದು ಮುಖಪುಟಕ್ಕೆ ಹೋಗಿತ್ತು.

ಇನ್ನೊಂದು ಬಗೆಯ ಫೋಟೋ ಇದೆ, ಯಾವ ಪ್ರದರ್ಶನದಲ್ಲೂ ಕಾಣದ್ದು. ಬಿದ್ದ ಮನೆಯ ಪಂಚನಾಮೆಗೆ ಬಂದ ಗ್ರಾಮ ಆಡಳಿತಾಧಿಕಾರಿ ಮೊಬೈಲಿನಲ್ಲಿ ತೆಗೆಯುವುದು. ಮನೆಯವರು ಗೋಡೆಯ ಮುಂದೆ ನೆಟ್ಟಗೆ ನಿಲ್ಲುತ್ತಾರೆ, ಕೆಲವರು ರೇಷನ್ ಕಾರ್ಡನ್ನು ಎದೆಗೆ ಹಿಡಿದಿರುತ್ತಾರೆ. ಈ ಚಿತ್ರಕ್ಕೆ ಇರುವ ಬಲ ಪ್ರಶಸ್ತಿ ಪಡೆದ ಚಿತ್ರಕ್ಕಿಲ್ಲ. ಹಾನಿ ಎ, ಬಿ, ಸಿ ಎಂದು ವಿಂಗಡವಾಗುವಾಗ ಅದೂ ಸಾಕ್ಷಿ. 2019ರಲ್ಲಿ ಪೂರ್ತಿ ಬಿದ್ದ ಮನೆಗೆ ಘೋಷಣೆಯಾದದ್ದು 5 ಲಕ್ಷ, ಅಲ್ಪಸ್ವಲ್ಪ ಬಿದ್ದದ್ದಕ್ಕೆ ಅದಕ್ಕಿಂತ ತೀರ ಕಡಿಮೆ. ಮುಂದಿನ ಗೋಡೆ ನಿಂತು ಒಳಗಿನ ಜಂತಿ ಕುಸಿದಿದ್ದರೆ? “ಒಳಗ ಬಂದು ನೋಡ್ರಿ ಸಾಹೇಬ್ರ” ಎಂದು ಮುದುಕಿ ಗೋಗರೆಯುವುದು ಇದಕ್ಕೇ. ಕ್ಯಾಮೆರಾ ಹೊಸ್ತಿಲು ದಾಟಿತೇ ಇಲ್ಲವೇ ಎಂಬುದರ ಮೇಲೆ ಲಕ್ಷಗಳ ಲೆಕ್ಕ ನಿಂತಿರುತ್ತದೆ. ಸೌಂದರ್ಯ ಮೀಮಾಂಸೆ ಓದಿದ ನಮ್ಮಂಥವರಿಗೆ ಚೌಕಟ್ಟು ಎಂದರೆ ಏನೆಂದು ಆ ಮುದುಕಿ ಕಲಿಸಬಲ್ಲಳು.

ಫೋಟೋ ಬೇಕೆಂದರೆ ವಿಪತ್ತು ಫೋಟೋಗೆ ಸಿಗುವಂತಿರಬೇಕು, ಅದೂ ಒಂದು ತೊಡಕು. ಬರ ಸಿಗುವುದಿಲ್ಲ. ಬಿರುಕು ಬಿಟ್ಟ ಕೆರೆಯಂಗಳದ ಚಿತ್ರ ಎಲ್ಲಿಯದಾದರೂ ಆಗಬಹುದು. ರಾಯಚೂರಿನ ಬರವೆಂದರೆ ದೇವದುರ್ಗದ ಬಸ್ ನಿಲ್ದಾಣದಲ್ಲಿ ಚೀಲ, ಪಾತ್ರೆ, ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿಗೆ ಗುಳೆ ಹೊರಟವರು. ನೋಡಿದವರಿಗೆ ಅದು ಜಾತ್ರೆಗೆ ಹೊರಟಂತೆಯೂ ಕಂಡೀತು. ಮಾನ್ವಿಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರು ನೀರಿಗಾಗಿ ರಸ್ತೆಗಿಳಿಯುತ್ತಾರೆ. ಅದೇ ತಾಲ್ಲೂಕಿನ ಹೊಳೆದಂಡೆಯ ಊರುಗಳು ಇನ್ನೊಂದು ವರ್ಷ ಅದೇ ತುಂಗಭದ್ರೆಗೆ ಹೆದರಿ ಗಂಟುಮೂಟೆ ಕಟ್ಟುತ್ತವೆ. ಎರಡನ್ನೂ ಒಂದೇ ಪುಟದಲ್ಲಿ ಅಚ್ಚುಹಾಕಿದ ಪತ್ರಿಕೆ ನನ್ನ ಕಣ್ಣಿಗೆ ಬಿದ್ದಿಲ್ಲ.

ರಾಯಚೂರು ನಗರದ ಕತೆ ಇನ್ನೂ ಕಠಿಣ. ಎರಡು ನದಿಗಳ ನಡುವಿನ ಸೀಮೆ, ಎರಡೂ ನಗರವನ್ನು ಮುಟ್ಟುವುದಿಲ್ಲ. 2022ರ ಬೇಸಿಗೆಯ ಕೊನೆಯಲ್ಲಿ ಅಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ಜನ ಸತ್ತರು. ಏನನ್ನು ಚಿತ್ರ ತೆಗೆಯುತ್ತೀರಿ? ಆಸ್ಪತ್ರೆಯ ಹಾಸಿಗೆ, ಪ್ರತಿಭಟನೆ, ಬಿಂದಿಗೆ. ಕೊಲ್ಲುವ ನೀರೂ ಕುಡಿಯುವ ನೀರೂ ಫೋಟೋದಲ್ಲಿ ಒಂದೇ. ಪ್ರಕೃತಿ ವಿಕೋಪವಲ್ಲದ ಆ ದುರಂತವನ್ನು ಇಲ್ಲಿ ಎಳೆದು ತಂದದ್ದು ಬೇಕೆಂದೇ. ಚಿತ್ರವಿಲ್ಲದ ಸಾವಿಗೆ ನೆನಪೂ ಕಡಿಮೆ ಆಯುಸ್ಸಿನದು.

ಮರಳಿ ಹೋಗಿ ಅದೇ ಕೋನದಿಂದ ಚಿತ್ರ ತೆಗೆಯುವುದು ಕಲಾವಿದನ ಕೆಲಸವಲ್ಲ, ಗುಮಾಸ್ತಿಕೆ ಎಂದು ಛಾಯಾಗ್ರಾಹಕ ಮಿತ್ರರು ಅನ್ನಬಹುದು. ಗುಮಾಸ್ತಿಕೆಯೇ ಆಗಲಿ. ಹೂಪರನ ಚಿತ್ರಗಳಿಗೆ ಹೆಸರು, ಊರು, ತಾರೀಖು ಬರೆಯುವ ಗುಮಾಸ್ತನೊಬ್ಬ ಜೊತೆಗಿದ್ದಿದ್ದರೆ ನಮ್ಮ ಕೈಯಲ್ಲಿ ಇವತ್ತು ಬೇರೆಯದೇ ಚರಿತ್ರೆ ಇರುತ್ತಿತ್ತು. ಪಂಚನಾಮೆಯ ಫೋಟೋಗಳು ಸರ್ಕಾರದ ಕಂಪ್ಯೂಟರಿನಲ್ಲಿವೆ. ಅವುಗಳ ಒಂದೊಂದು ಪ್ರತಿ ಆಯಾ ಗ್ರಾಮ ಪಂಚಾಯಿತಿಯಲ್ಲಿ, ಮನೆಯವರು ಕೇಳಿದಾಗ ಸಿಗುವಂತೆ ಇರಬೇಕು. ಮುಂದಿನ ನೆರೆಗೆ ಕ್ಯಾಮೆರಾ ಹಿಡಿದು ಹೊರಡುವವರು ಮೊದಲು ಅಲ್ಲಿ ಕೂತು ಅವನ್ನು ನೋಡಲಿ. ಯಾವ ಗೋಡೆ 2009ರಲ್ಲೂ ಬಿದ್ದಿತ್ತು, 2019ರಲ್ಲೂ ಬಿತ್ತು ಎಂದು ಗೊತ್ತಾದರೆ ಎಲ್ಲಿ ನಿಲ್ಲಬೇಕೆಂಬುದು ತಾನಾಗಿ ಗೊತ್ತಾಗುತ್ತದೆ.