ಚುಕ್ಕಿಯ ಆಚೆಗಿನ ಅಂಕಿ

ಅಮೆರಿಕದ ಆಸ್ಪತ್ರೆಗಳ ಚಾರ್ಟು ಓದಿ ರೋಗಗಳಿಗೆ ಕೋಡ್ ಹಾಕುವ ಕೆಲಸ ಬೆಂಗಳೂರಿನ ಎಷ್ಟೋ ಮನೆಗಳ ಒಲೆ ಉರಿಸುತ್ತಿದೆ. ಆ ಕೆಲಸದಲ್ಲಿ ಒಂದು ಕಟ್ಟುನಿಟ್ಟಿದೆ: ವೈದ್ಯರು ಬರೆಯದ್ದನ್ನು ಕೋಡರ್ ಊಹಿಸುವಂತಿಲ್ಲ. ರೋಗಿ ಊಟ ಬಿಟ್ಟಿದ್ದಾರೆ, ಬೆಳಗಿನ ಜಾವ ಮೂರಕ್ಕೇ ಎಚ್ಚರ, ಬದುಕೇ ಬೇಡ ಅನ್ನುತ್ತಿದ್ದಾರೆ, ಹೋದ ವರ್ಷವೂ ಹೀಗೇ ಆಗಿತ್ತು. ಎಲ್ಲವೂ ಚಾರ್ಟಿನಲ್ಲಿರುತ್ತದೆ. ಪಿಎಚ್‌ಕ್ಯು-9 ಎಂಬ ಖಿನ್ನತೆ ಅಳೆಯುವ ಪ್ರಶ್ನಾವಳಿಯಲ್ಲಿ 27ಕ್ಕೆ 23 ಅಂಕ ಬಂದಿರುತ್ತದೆ. 20 ಮುಟ್ಟಿದರೇ ತೀವ್ರ ಎಂದು ಲೆಕ್ಕ. ಆದರೂ ವೈದ್ಯರು ಕೊನೆಗೆ ಬರೀ ‘ಡಿಪ್ರೆಶನ್’ ಎಂದು ಗೀಚಿದ್ದರೆ ಬೀಳುವ ಕೋಡ್ ಎಫ್ 32.ಎ, ಯಾವ ವಿವರವೂ ಇಲ್ಲದ ಖಿನ್ನತೆ. ಮರುಕಳಿಸಿದ್ದು, ಈಗ ತೀವ್ರ, ಭ್ರಮೆಗಳಿಲ್ಲ ಎಂದು ಅವರೇ ಬರೆದರೆ ಮಾತ್ರ ಎಫ್ 33.2. ಭ್ರಮೆಯೂ ಇದ್ದರೆ 33.3.

ಇಷ್ಟೆಲ್ಲ ಬಿಲ್ಲಿಗಾಗಿ ಅನ್ನಿ, ಸುಳ್ಳಲ್ಲ. ಆದರೆ ಇದು ಎಷ್ಟನೆಯ ಸಲ, ಎಷ್ಟು ತೀವ್ರ ಎಂಬುದನ್ನು ನೋಡಿಯೇ ಮಾತ್ರೆ ಎಷ್ಟು ಕಾಲ ಮುಂದುವರಿಯಬೇಕೆಂದು ತೀರ್ಮಾನಿಸುವುದು.

ನಮ್ಮಲ್ಲಿ ಫೈಲು ಇರುವುದು ಮನೆಯ ಬೀರುವಿನಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ. “ಡಾಕ್ಟ್ರೇ, ಚೀಟೀಲಿ ಅದೊಂದು ಬರೀಬೇಡಿ, ಹುಡುಗಿಗೆ ಗಂಡು ನೋಡ್ತಿದೀವಿ” ಎಂದು ತಾಯಿ ಕೇಳಿಕೊಂಡರೆ ಕನಿಕರದ ವೈದ್ಯರು ‘ನರದೌರ್ಬಲ್ಯ’ ಎಂದು ಬರೆದುಬಿಡುತ್ತಾರೆ. ಆ ಕನಿಕರ ನನಗೆ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ. ಎರಡು ವರ್ಷ ಬಿಟ್ಟು ಗಂಡನ ಊರಲ್ಲಿ ಖಿನ್ನತೆ ಮತ್ತೆ ಬಂದಾಗ ಅಲ್ಲಿನ ವೈದ್ಯರು ಮೊದಲ ಸಲವೆಂದೇ ಹಿಡಿಯುತ್ತಾರೆ. ಹಿಂದೆ ನಾಟದ ಮಾತ್ರೆಯನ್ನೇ ಮತ್ತೆ ಬರೆಯುತ್ತಾರೆ. ದೇಹದ ಕಾಯಿಲೆಗಿರುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ 21ನೇ ಸೆಕ್ಷನ್. ನರದೌರ್ಬಲ್ಯದ ಚೀಟಿ ಹಿಡಿದು ಹೋದವರಿಗೆ ಕಂಪನಿ ಏನು ಕೊಟ್ಟೀತು?

ಗುಟ್ಟು ರಟ್ಟಾಗುವ ಭಯಕ್ಕೆ ಅದೇ ಕಾಯ್ದೆಯ 23ನೇ ಸೆಕ್ಷನ್ ಇದೆ. ಕೆಲವು ಸಂದರ್ಭ ಬಿಟ್ಟರೆ ಆಸ್ಪತ್ರೆ ಬಾಯಿ ಬಿಡುವಂತಿಲ್ಲ. ತಮ್ಮ ದಾಖಲೆಯನ್ನು ಕೇಳಿ ಪಡೆಯುವ ಹಕ್ಕು 25ರಲ್ಲಿದೆ. ಇನ್ನು, ಆ ಕೋಡುಗಳಲ್ಲಿ ಚೇತರಿಸಿಕೊಂಡವರಿಗೂ ಒಂದು ಸಂಖ್ಯೆಯಿದೆ, ಎಫ್ 33.4: ಹಿಂದೆ ಬಂದಿತ್ತು, ಈಗ ಲಕ್ಷಣಗಳಿಲ್ಲ. ಎದ್ದು ಕೆಲಸಕ್ಕೆ ಹೋಗುತ್ತಿರುವವರ ಫೈಲಿನಲ್ಲಿ ಹಳೆಯ 33.2 ಹಾಗೇ ನಕಲಾಗುತ್ತ ಬಂದಿದ್ದರೆ, ಮುಂದಿನ ಭೇಟಿಯಲ್ಲಿ ಅದನ್ನು ಬದಲಿಸಿ ಬರೆಯಿರಿ ಎಂದು ವೈದ್ಯರನ್ನು ಕೇಳಬಹುದು.