ಪತ್ತೆಯಾಗಿಲ್ಲ ಅಂದರೆ ಇಲ್ಲ ಅಂತಲೇ?

ಭಾಲ್ಕಿಯಲ್ಲಿ ನಮ್ಮ ಸೋದರಮಾವನ ಮನೆಯ ಮಾಳಿಗೆ ಮೇಲೆ ಒಂದು ಕೋಣೆ ಇದೆ. ಮೊದಲು ಅಲ್ಲಿ ತೊಗರಿ ಚೀಲ ಇಡುತ್ತಿದ್ದರು. ಈಗ ಹಳೆಯ ಮಂಚದ ಮೇಲೆ ಪ್ಲೈವುಡ್ ಹಾಸಿ, ಅದರ ಮೇಲೆ ಸುತ್ತು ಹಳಿ ಜೋಡಿಸಿ, ಮಾಮಾ ರೈಲು ಓಡಿಸುತ್ತಾರೆ. ಆಟದ ರೈಲು ಅಂದರೆ ಅವರಿಗೆ ಸಿಟ್ಟು, 'ಮಾಡೆಲ್' ಅನ್ನಬೇಕು. ನಿಜವಾದ ರೈಲಿನ 87ರಲ್ಲಿ ಒಂದು ಪಾಲು ಅಳತೆ ಅದರದು. ವಿಕಾರಾಬಾದ್–ಪರಳಿ ಮಾರ್ಗದ ಗಾಡಿಗಳ ಸದ್ದು ಕೇಳುತ್ತ ಬೆಳೆದವರು ಅವರು. ಮಗ ಜರ್ಮನಿಗೆ ಕೆಲಸಕ್ಕೆ ಹೋದವನು ಒಂದು ಸೆಟ್ ತಂದುಕೊಟ್ಟ ಮೇಲೆ ಅರವತ್ತೆರಡನೇ ವಯಸ್ಸಿನಲ್ಲಿ ಹುಡುಗರಾದರು.

ಕಳೆದ ದೀಪಾವಳಿಗೆ ನಾನು ಅಲ್ಲಿಗೆ ಹೋದಾಗ ಮಾಮಾನ ಮುಖ ಸಣ್ಣದಾಗಿತ್ತು. ಮಗ ಅಲ್ಲಿ ಯಾರಿಂದಲೋ ಕೊಂಡ ಹಳೆಯ ಎಂಜಿನ್ ಒಂದನ್ನು ಕಳಿಸಿದ್ದ. ಹಳಿಯ ಮೇಲೆ ಇಟ್ಟರೆ ಅದು ಓಡುವುದಿರಲಿ, ಕೈಯಲ್ಲಿ ಹಿಡಿದ ಡಿಜಿಟಲ್ ರಿಮೋಟ್ ಅದನ್ನು ಗುರುತಿಸಲೇ ಇಲ್ಲ. ಪರದೆಯ ಮೇಲೆ ಒಂದೇ ಉತ್ತರ: ಎಂಜಿನ್ ಪತ್ತೆಯಾಗಿಲ್ಲ. "ಸತ್ತದ ನೋಡು ಇದು," ಅಂದರು. ನಾನು ಯಂತ್ರ ಓದಿದವನಲ್ಲ, ತತ್ವಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿರುವವನು. ಆದರೂ ಆ ಎರಡು ದಿನ ಮಾಮಾನ ಜೊತೆ ಕೂತೆ. ಪ್ರಬಂಧದ ಅಧ್ಯಾಯವೊಂದರಲ್ಲಿ ತಿಂಗಳುಗಟ್ಟಲೆ ಬಿಡಿಸಲಾಗದೆ ಕೂತಿದ್ದ ಗಂಟು ಅಲ್ಲಿ ಸ್ವಲ್ಪ ಸಡಿಲವಾಯಿತು.

ಈ ರೈಲುಗಳ ವ್ಯವಸ್ಥೆ ಹೀಗಿದೆ. ಹಳಿಯಲ್ಲಿ ಸದಾ ವಿದ್ಯುತ್ ಇರುತ್ತದೆ, ಆಜ್ಞೆಗಳೂ ಅದೇ ವಿದ್ಯುತ್ತಿನಲ್ಲಿ ಹರಿಯುತ್ತವೆ. ಪ್ರತಿ ಎಂಜಿನ್ನಿನ ಹೊಟ್ಟೆಯಲ್ಲಿ ಡಿಕೋಡರ್ ಎಂಬ ಸಣ್ಣ ಚಿಪ್ ಇರುತ್ತದೆ, ಅದಕ್ಕೊಂದು ನಂಬರ್ ಇರುತ್ತದೆ. ಹೊಸ ಡಿಕೋಡರ್ ಕಾರ್ಖಾನೆಯಿಂದ ಬರುವಾಗ ಸಾಮಾನ್ಯವಾಗಿ ಅದರ ನಂಬರ್ 3. ರಿಮೋಟ್ "3, ಮುಂದೆ ಹೋಗು" ಅಂದರೆ ಆ ಮಾತು ಹಳಿಯ ಮೇಲಿರುವ ಎಲ್ಲ ಎಂಜಿನ್‌ಗಳಿಗೂ ಕೇಳಿಸುತ್ತದೆ, 3 ಮಾತ್ರ ಓಗೊಡುತ್ತದೆ. ಹೆಸರು ತಪ್ಪಿ ಕರೆದರೆ ಯಾರೂ ಓಗೊಡುವುದಿಲ್ಲ. ಕರೆದವನಿಗೆ ಮಾತ್ರ ಅಲ್ಲಿ ಯಾರೂ ಇಲ್ಲ ಅನಿಸುತ್ತದೆ.

ಮಾಮಾ ಮೊದಲು ಮಾಡಿದ ಕೆಲಸ ನನಗೆ ಹಿಡಿಸಿತು. ಎಂಜಿನ್ನನ್ನು ಬಿಚ್ಚಲಿಲ್ಲ. ಅದನ್ನು ಎತ್ತಿ ಪಕ್ಕಕ್ಕಿಟ್ಟು, ಚೆನ್ನಾಗಿ ಓಡುವ ಇನ್ನೊಂದನ್ನು ಅದೇ ಜಾಗದಲ್ಲಿ ಇಟ್ಟು ನೋಡಿದರು. ಅದು ಓಡಿತು. ಹಳಿಗೆ ವಿದ್ಯುತ್ ಬರುತ್ತಿದೆ, ರಿಮೋಟ್ ಮಾತಾಡುತ್ತಿದೆ ಎಂದು ಖಾತ್ರಿಯಾಯಿತು. ಆಮೇಲೆ ಹೊಸ ಎಂಜಿನ್ನನ್ನು ಪ್ರೋಗ್ರಾಮಿಂಗ್ ಹಳಿ ಎಂಬ ಪ್ರತ್ಯೇಕ ತುಂಡಿನ ಮೇಲಿಟ್ಟು, ನಿನ್ನ ನಂಬರ್ ಯಾವುದು ಎಂದು ರಿಮೋಟ್‌ನಿಂದ ಕೇಳಿದರು. ಈ ಪ್ರಶ್ನೆಗೆ ಎಂಜಿನ್ ಉತ್ತರ ಕೊಡುವ ರೀತಿ ಚೆಂದ. ಅದಕ್ಕೆ ಬೇರೆ ಬಾಯಿ ಇಲ್ಲ. ರಿಮೋಟ್ ಒಂದೊಂದೇ ಮೌಲ್ಯ ಹೇಳಿ ಹೌದೋ ಅಲ್ಲವೋ ಎಂದು ಕೇಳುತ್ತ ಹೋಗುತ್ತದೆ. ಹೌದಾದರೆ ಡಿಕೋಡರ್ ತನ್ನ ಮೋಟರ್‌ಗೆ ಒಂದು ಕ್ಷಣ ವಿದ್ಯುತ್ ಕೊಟ್ಟು ಹಳಿಯಿಂದ ಸ್ವಲ್ಪ ಹೆಚ್ಚು ಕರೆಂಟ್ ಎಳೆಯುತ್ತದೆ. ಕನಿಷ್ಠ 60 ಮಿಲಿಆಂಪಿಯರ್, ಸುಮಾರು 6 ಮಿಲಿಸೆಕೆಂಡ್. ಆ ಎಳೆತವನ್ನೇ ಯಂತ್ರ ಉತ್ತರವೆಂದು ಓದುತ್ತದೆ. ಎಳೆತ ಅದಕ್ಕಿಂತ ಕಡಿಮೆಯಾದರೆ ಉತ್ತರ ಬಂದಿಲ್ಲವೆಂದೇ ಲೆಕ್ಕ.

ರಿಮೋಟ್ ಮತ್ತೆ 'ಪತ್ತೆಯಾಗಿಲ್ಲ' ಎಂದಿತು. ಆದರೆ ಮಾಮಾ ಪರದೆ ನೋಡುತ್ತಿರಲಿಲ್ಲ, ಕಣ್ಣನ್ನು ಹಳಿಯ ಮಟ್ಟಕ್ಕೆ ತಂದು ಎಂಜಿನ್ನನ್ನೇ ನೋಡುತ್ತಿದ್ದರು. "ತಮ್ಮಾ, ಇನ್ನೊಮ್ಮೆ ಒತ್ತು," ಅಂದರು. ಒತ್ತಿದೆ. ಎಂಜಿನ್ ಕೂದಲೆಳೆಯಷ್ಟು ನಡುಗಿತು. "ನೋಡ್ದ್ಯಾ? ಇದು ಮಾತಾಡ್ಲಾಕತ್ತದ. ಅದಕ್ಕ ಕೇಳಸವಲ್ದು."

ಆ ಮಾತು ಕೇಳಿದಾಗ ನನಗೆ ನೆನಪಾದದ್ದು ರೈಲಲ್ಲ, ನಮ್ಮ ಆಯಿ.

ಆಯಿ ಇರುವುದು ಔರಾದ್ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಔರಾದಿಗೆ ಇನ್ನೂ ರೈಲು ಬಂದಿಲ್ಲ, ಬೆರಳಚ್ಚು ಓದುವ ಯಂತ್ರ ಬಂದಿದೆ. ಐವತ್ತು ವರ್ಷ ಕಳೆ ಕಿತ್ತು, ಉದ್ದು ಹೆಸರು ಬಿಡಿಸಿ, ತೊಗರಿ ಕೊಯ್ದ ಬೆರಳುಗಳು ಆಕೆಯವು. ಅವುಗಳಲ್ಲಿ ಗೆರೆ ಉಳಿದಿಲ್ಲ. ಪಡಿತರದ ಅಂಗಡಿಯಲ್ಲಿ ಯಂತ್ರ ಎರಡು ತಿಂಗಳು ಆಕೆಯನ್ನು ಒಪ್ಪಲಿಲ್ಲ. ಯಾರೋ ಹೇಳಿದರೆಂದು ನಾನು ಆಕೆಯನ್ನು ಬಸ್ಸಿನಲ್ಲಿ ಬೀದರಿಗೆ ಕರೆದುಕೊಂಡು ಹೋಗಿ ಒಂದು ಕೇಂದ್ರದ ಮುಂದೆ ಸರದಿಯಲ್ಲಿ ನಿಲ್ಲಿಸಿದೆ. ಅಲ್ಲಿಯೂ ಅದೇ ಆಯಿತು. ಮೂರನೇ ಸಲ ಕೆಂಪು ದೀಪ ಬಂದಾಗ ನಾನು ಗದರಿದೆ: "ಆಯೀ, ಸರಿಯಾಗಿ ಒತ್ತು ಬಾ!" ಆಕೆ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡು ನನ್ನ ಮುಖ ನೋಡಿದಳು. "ಬಟ್ಟು ಸವದಾವ, ನಾ ಏನ್ ಮಾಡ್ಲಿ? ನಾ ಇಲ್ಲೇ ಕುಂತೀನಲ್ಲೋ," ಅಂದಳು.

ಆ ಮಾತಿಗೆ ಅವತ್ತು ನನ್ನ ಬಳಿ ಉತ್ತರ ಇರಲಿಲ್ಲ. ಭಾಲ್ಕಿಯ ಮಾಳಿಗೆಯಲ್ಲಿ ಕೂತಾಗ ನನಗೆ ನಾಚಿಕೆಯಾಯಿತು. ಮಾಮಾ ಒಂದು ಎಂಜಿನ್ನಿಗೆ ಕೊಟ್ಟ ಮರ್ಯಾದೆಯನ್ನು ನಾನು ಆಯಿಗೆ ಕೊಟ್ಟಿರಲಿಲ್ಲ. ನಾನು ಪರದೆಯನ್ನು ನೋಡಿದ್ದೆ, ಆಕೆಯನ್ನು ನೋಡಿರಲಿಲ್ಲ.

ನನ್ನ ಅಧ್ಯಾಯದ ಗಂಟಿಗೆ ಬರುತ್ತೇನೆ. ಒಂದು ವಸ್ತು ಇಲ್ಲ ಎಂಬುದು ನಮಗೆ ಹೇಗೆ ಗೊತ್ತಾಗುತ್ತದೆ? ಇದು ನಮ್ಮ ದರ್ಶನಗಳಲ್ಲಿ ದೊಡ್ಡ ಜಗಳ. ಕುಮಾರಿಲ ಭಟ್ಟನ ಮೀಮಾಂಸಕರು ಮತ್ತು ಅದ್ವೈತಿಗಳು 'ಅನುಪಲಬ್ಧಿ' ಎಂಬ ಬೇರೆಯದೇ ಪ್ರಮಾಣವನ್ನು ಒಪ್ಪುತ್ತಾರೆ. ಕಾಣದಿರುವುದೇ ಇಲ್ಲದಿರುವುದನ್ನು ತಿಳಿಸುತ್ತದೆ ಎಂಬುದು ಅದರ ತಿರುಳು. ನೈಯಾಯಿಕರು ಅದು ಬೇರೆ ಪ್ರಮಾಣವಲ್ಲ ಅನ್ನುತ್ತಾರೆ. ಆದರೆ ಈ ಜಗಳದ ನಡುವೆ ಒಂದು ಷರತ್ತು ಇದೆ. ಕಾಣದಿರುವುದು 'ಯೋಗ್ಯ'ವಾಗಿರಬೇಕು. ಅಂದರೆ ವಸ್ತು ಅಲ್ಲಿದ್ದಿದ್ದರೆ ಖಂಡಿತ ಕಾಣುತ್ತಿತ್ತು ಅನ್ನುವಂಥ ಸ್ಥಿತಿ ಇರಬೇಕು. ಬೆಳಕಿರುವ ಅಂಗಳದಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲ ಎನ್ನಬಹುದು. ಕತ್ತಲ ಕೋಣೆಯಲ್ಲಿ ಕಾಣದಿದ್ದರೆ ಹಾಗೆ ಹೇಳುವಂತಿಲ್ಲ. ಅಲ್ಲಿ ಮೊದಲು ಹುಡುಕಬೇಕಾದದ್ದು ದೀಪವನ್ನು.

ಇಷ್ಟು ದಿನ ನಾನು ಇದನ್ನು ಜ್ಞಾನದ ಷರತ್ತು ಎಂದಷ್ಟೇ ಓದುತ್ತಿದ್ದೆ. ಇದು ನೀತಿಯ ಷರತ್ತೂ ಹೌದು. 'ಇಲ್ಲ' ಎನ್ನುವ ಮಾತಿನಿಂದ ಒಬ್ಬರ ಅನ್ನ, ಮಾನ, ಹೆಸರು ಹೋಗುವುದಾದರೆ, ಆ ಮಾತು ಹೇಳುವವರು ತಮ್ಮ ದೀಪ ಉರಿಯುತ್ತಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಆ ಹೊಣೆ ಕಾಣದವರದ್ದಲ್ಲ, ನೋಡುವವರದ್ದು.

ಮಾಮಾ ಎಂಜಿನ್ನನ್ನು ಅಂಗಾತ ಮಲಗಿಸಿದರು. ಚಕ್ರಗಳ ಮೇಲೆ ಕಪ್ಪು ಜಿಡ್ಡು ಕಟ್ಟಿತ್ತು. ಔಷಧಿ ಅಂಗಡಿಯಿಂದ ತಂದ ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಚಕ್ರ, ಚಕ್ರಕ್ಕೆ ತಾಗುವ ತಾಮ್ರದ ಪಟ್ಟಿ, ಕೊನೆಗೆ ಪ್ರೋಗ್ರಾಮಿಂಗ್ ಹಳಿಯನ್ನೂ ಒರೆಸಿದರು. ಮತ್ತೆ ಕೇಳಿದಾಗ ಉತ್ತರ ಬಂತು: 47. ಹಿಂದಿನ ಮಾಲೀಕ ಇಟ್ಟ ನಂಬರ್. ನಾವು ಎರಡು ದಿನದಿಂದ ಅದನ್ನು 3 ಎಂದು ಕರೆಯುತ್ತಿದ್ದೆವು.

ಇಲ್ಲಿ ಒಂದು ಸುಲಭದ ದಾರಿ ಇತ್ತು. ಬಹಳಷ್ಟು ಡಿಕೋಡರ್‌ಗಳಲ್ಲಿ ಎಂಟನೇ ಖಾನೆಗೆ 8 ಎಂದು ಬರೆದರೆ ಎಲ್ಲ ಅಳಿಸಿಹೋಗಿ ನಂಬರ್ ಮತ್ತೆ 3 ಆಗುತ್ತದೆ. ಅದನ್ನೇ ಮಾಡೋಣ ಅಂದೆ. ಮಾಮಾ ಬೇಡ ಅಂದರು. "ಅದರ ಹೆಸರ್ ನಾವ್ ಕಲ್ತರ ಆಯ್ತು. ಒರ್ಸೋದ್ಯಾಕ?"

47 ಎಂದು ಕರೆದೆವು. ದೀಪ ಹತ್ತಿತು. ಆದರೆ ಗಾಡಿ ಕದಲಲಿಲ್ಲ. ಓಗೊಡುತ್ತದೆ, ಬರುವುದಿಲ್ಲ. ಒಂದು ಗಂಟೆ ತಲೆ ಕೆಡಿಸಿಕೊಂಡ ಮೇಲೆ ಹತ್ತೊಂಬತ್ತನೇ ಖಾನೆ ಓದಿದೆವು. ಅದರಲ್ಲಿ 12 ಇತ್ತು. ಎರಡು ಮೂರು ಎಂಜಿನ್ ಕೂಡಿಸಿ ಒಂದೇ ಗಾಡಿ ಎಳೆಸುವಾಗ ಅವಕ್ಕೆಲ್ಲ ಒಂದು ಗುಂಪಿನ ನಂಬರ್ ಕೊಡುತ್ತಾರೆ. ಆ ಖಾನೆಯಲ್ಲಿ ಗುಂಪಿನ ನಂಬರ್ ಇರುವವರೆಗೆ ಎಂಜಿನ್ ತನ್ನ ಸ್ವಂತ ನಂಬರಿಗೆ ಬಂದ ಓಟದ ಆಜ್ಞೆಯನ್ನು ಕೇಳುವುದಿಲ್ಲ. ಗುಂಪು ಜರ್ಮನಿಯಲ್ಲಿ ಯಾವಾಗಲೋ ಚದುರಿಹೋಗಿತ್ತು, ಇದು ಇನ್ನೂ ಅದರ ಕರೆಗೆ ಕಾದಿತ್ತು. ಖಾನೆಗೆ ಸೊನ್ನೆ ಬರೆದೆವು. ಗಾಡಿ ಮೆಲ್ಲಗೆ ಹೊರಟಿತು. ಮಾಮಾ ಚಪ್ಪಾಳೆ ತಟ್ಟಿದರು.

ಎರಡು ದಿನದಲ್ಲಿ ಎಂಜಿನ್ನಿನ ಒಳಗೆ ಒಂದು ಭಾಗವೂ ಕೆಟ್ಟಿರಲಿಲ್ಲ ಎಂಬುದು ಸ್ಪಷ್ಟವಾಯಿತು. ಕೆಟ್ಟದ್ದು ನಮ್ಮಿಬ್ಬರ ನಡುವಿನ ಸಂಪರ್ಕ ಮತ್ತು ಅದರ ಬಗ್ಗೆ ನಮ್ಮ ತಿಳಿವಳಿಕೆ. ಆದರೂ ಮೊದಲ ಗಳಿಗೆಯಲ್ಲಿ ನಾವು ಹೇಳಿದ್ದು 'ಸತ್ತದ' ಎಂದು.

ಯಂತ್ರದ ಮಾತೇ ನಿಜ, ಮನುಷ್ಯನೇ ಸುಳ್ಳು ಎಂದು ಹೊರಟರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಅಂಚೆ ಕಚೇರಿಯ ಕಥೆ ಸಾಕು. ಅಲ್ಲಿ 'ಹೊರೈಜನ್' ಎಂಬ ಲೆಕ್ಕದ ತಂತ್ರಾಂಶ ಇಲ್ಲದ ಕೊರತೆಗಳನ್ನು ತೋರಿಸಿತು. 1999ರಿಂದ 2015ರ ನಡುವೆ 900ಕ್ಕೂ ಹೆಚ್ಚು ಅಂಚೆ ಕಚೇರಿ ನಡೆಸುವವರು ಕಳ್ಳತನ, ವಂಚನೆಯಂಥ ಆರೋಪಗಳಲ್ಲಿ ತಪ್ಪಿತಸ್ಥರೆನಿಸಿದರು. ಕೆಲವರು ಜೈಲಿಗೆ ಹೋದರು. ಅವರ ಶಿಕ್ಷೆಗಳನ್ನು ಒಟ್ಟಾಗಿ ರದ್ದುಮಾಡುವ ಕಾನೂನು ಬರಲು 2024 ಆಗಬೇಕಾಯಿತು. ಕಂಪ್ಯೂಟರ್ ಸರಿಯಾಗಿಯೇ ಕೆಲಸ ಮಾಡುತ್ತಿದೆ ಎಂದು ಮೊದಲೇ ಊಹಿಸಿಕೊಳ್ಳುವುದು ಅಲ್ಲಿನ ನ್ಯಾಯಾಲಯಗಳ ರೂಢಿಯಾಗಿತ್ತು. ಕತ್ತಲ ಕೋಣೆಯನ್ನು ಬೆಳಕಿನ ಅಂಗಳವೆಂದು ನಂಬಿದರು.

ನಮ್ಮಲ್ಲಿ ಕಾಗದದ ಮೇಲೆ ವಿವೇಕ ಇದೆ. 2018ರ ಸೆಪ್ಟೆಂಬರ್ 26ರ ಆಧಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ 4:1ರ ಬಹುಮತದಿಂದ ಕಾಯ್ದೆಯ ಬಹುಭಾಗವನ್ನು ಎತ್ತಿಹಿಡಿಯಿತು. ಜೊತೆಗೆ, ದೃಢೀಕರಣ ವಿಫಲವಾಯಿತೆಂಬ ಕಾರಣಕ್ಕೇ ಅರ್ಹರಿಗೆ ಸವಲತ್ತು ತಪ್ಪಬಾರದು ಎಂಬುದನ್ನೂ ದಾಖಲಿಸಿತು. ಅದೇ ಪ್ರಕರಣದ ವಿಚಾರಣೆಯಲ್ಲಿ, ಸರ್ಕಾರಿ ಸೇವೆಗಳಲ್ಲಿ ದೃಢೀಕರಣ ಶೇ 88ರಷ್ಟು ಯಶಸ್ವಿಯಾಗುತ್ತದೆ ಎಂದು ಪ್ರಾಧಿಕಾರವೇ ಹೇಳಿತ್ತು. ಉಳಿದ 12ರಲ್ಲಿ ಎಷ್ಟು ಮಂದಿ ಮೋಸಗಾರರು, ಎಷ್ಟು ಮಂದಿ ಬೆರಳು ಸವೆದವರು ಎಂಬುದನ್ನು ಕೆಂಪು ದೀಪ ಹೇಳುವುದಿಲ್ಲ. ಅದಕ್ಕೆ ಇಬ್ಬರೂ ಒಂದೇ.

ಇದಕ್ಕೆ ಎದುರು ವಾದವೂ ಇದೆ, ಅದನ್ನು ತಳ್ಳಿಹಾಕಲಾರೆ. ಯಂತ್ರ ಬರುವ ಮೊದಲು ಸತ್ತವರ ಹೆಸರಿನಲ್ಲಿ ಅಕ್ಕಿ ಎತ್ತಿದವರು ಇದ್ದರು. ಅಂದು ನಂಬಿಕೆಯ ಹೆಸರಿನಲ್ಲಿ ಕಳೆದುಕೊಂಡವರೂ ಬಡವರೇ. ಪರೀಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ. ಮಾಮಾ ಕೂಡ ಎಂಜಿನ್ ಸರಿಯಿದೆ ಎಂದು ಸುಮ್ಮನೆ ನಂಬಲಿಲ್ಲ, ಪರೀಕ್ಷೆಯನ್ನೇ ಮಾಡಿದರು. ಅವರ ಪರೀಕ್ಷೆಗೆ ಒಂದು ಕ್ರಮ ಇತ್ತು. ಮೊದಲು ಕೇಳುವ ಉಪಕರಣ, ಆಮೇಲೆ ನಡುವಿನ ದಾರಿ, ಆಮೇಲೆ ಕರೆಯುವ ಹೆಸರು, ಕಟ್ಟಕಡೆಗೆ ಎಂಜಿನ್. ನಮ್ಮ ಸರದಿಗಳಲ್ಲಿ ಈ ಕ್ರಮ ತಲೆಕೆಳಗಾಗಿದೆ. ಮೊದಲ ಅನುಮಾನ ಬೆರಳಿನ ಮೇಲೆ ಬೀಳುತ್ತದೆ, ಯಂತ್ರದ ಸರದಿ ಬರುವುದೇ ಇಲ್ಲ.

ಹೋಲಿಕೆಯನ್ನು ಇಲ್ಲಿಗೆ ನಿಲ್ಲಿಸಬೇಕು. ಎಂಜಿನ್ ಎರಡು ದಿನ ಕಾಯಬಲ್ಲದು, ಅದಕ್ಕೆ ಹಸಿವಿಲ್ಲ. ಯಾರಾದರೂ 'ಸತ್ತದ' ಎಂದರೆ ಅದಕ್ಕೆ ಅವಮಾನವಿಲ್ಲ. ಆಯಿಗೆ ಎರಡೂ ಇದ್ದವು. ಕಡೆಗೆ ಕಣ್ಣಿನ ಪಾಪೆಯ ಸ್ಕ್ಯಾನಿನಿಂದ ಆಕೆಯ ಕೆಲಸವಾಯಿತು. ಬೆರಳು ಹೇಳಲಾರದ್ದನ್ನು ಕಣ್ಣು ಹೇಳಿತು, ಕೇಳಲು ಇನ್ನೊಂದು ದಾರಿ ಮೊದಲಿನಿಂದಲೂ ಇತ್ತು. ಹೋದ ಎರಡು ತಿಂಗಳ ಅಕ್ಕಿ ಮಾತ್ರ ಬರಲಿಲ್ಲ.

ದೀಪಾವಳಿ ಮುಗಿಸಿ ಭಾಲ್ಕಿಯಿಂದ ಔರಾದಿನ ಬಸ್ಸು ಹಿಡಿದು ಆಯಿಯ ಬಳಿ ಹೋದೆ. ರೈಲಿನ ಕಥೆ ಹೇಳಿದೆ, ನಕ್ಕಳು. ಬೀದರಿನಲ್ಲಿ ಗದರಿದ್ದಕ್ಕೆ ತಪ್ಪಾಯಿತು ಅಂದೆ. ಆಕೆಗೆ ಅದು ನೆನಪಿದ್ದಂತೆ ಕಾಣಲಿಲ್ಲ, ಅಥವಾ ನೆನಪಿಲ್ಲದಂತೆ ಇದ್ದಳು. ನನ್ನ ಕೈಗೆ ರೊಟ್ಟಿ ಕೊಟ್ಟು, "ಉಣ್ಣು ಮೊದ್ಲ," ಅಂದಳು. ಆ ಗೆರೆಯಿಲ್ಲದ ಬೆರಳುಗಳಿಗೆ ಹಿಟ್ಟು ಅಂಟಿತ್ತು. ಈ ಸಲ ಅವನ್ನು ನೋಡಿದೆ.